ಥೆರಪಿಯ ಒಂದು ಗಂಟೆ, ಮನೆಯ ಉಳಿದೆಲ್ಲ ಗಂಟೆ

‘ದಿನಕ್ಕೆ ಎಷ್ಟು ಹೊತ್ತು ವ್ಯಾಯಾಮ ಮಾಡಿಸಬೇಕು ಮೇಡಂ?’ ಪುಟ್ಟ ಮಗುವನ್ನು ಮೊದಲ ಸಲ ನನ್ನ ಬಳಿ ಥೆರಪಿಗೆ ಕರೆದುಕೊಂಡು ಬರುವ ಅಪ್ಪ ಅಮ್ಮ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಸೆರೆಬ್ರಲ್ ಪಾಲ್ಸಿ (ಎಳೆಯ ಮೆದುಳಿಗೆ ಆದ ಹಾನಿಯಿಂದ ಮೈಕೈ ಚಲನೆಗೆ ಬರುವ ತೊಂದರೆ) ಇರಲಿ, ಡೌನ್ ಸಿಂಡ್ರೋಮ್ ಇರಲಿ, ಇನ್ನೂ ಹೆಸರೇ ಸಿಗದ ನಿಧಾನ ಬೆಳವಣಿಗೆ ಇರಲಿ, ಪ್ರಶ್ನೆ ಬದಲಾಗುವುದಿಲ್ಲ. ತಮ್ಮಿಂದ ಏನಾದರೂ ಕಡಿಮೆಯಾದರೆ ಮಗು ಹಿಂದೆ ಉಳಿದುಬಿಡುತ್ತದೇನೋ ಎಂಬ ಭಯ ಅದರೊಳಗೆ ಇರುತ್ತದೆ.

ಇದಕ್ಕೆ ನಾನು ಗಂಟೆಯ ಲೆಕ್ಕದಲ್ಲಿ ಉತ್ತರ ಕೊಡುವುದಿಲ್ಲ. ಒಂದೆರಡು ವರ್ಷದ ಮಗು ದಿನಕ್ಕೆ ಸುಮಾರು 11 ಗಂಟೆ ಎಚ್ಚರವಾಗಿರುತ್ತದೆ. ವಾರಕ್ಕೆ 75 ಗಂಟೆಗೂ ಜಾಸ್ತಿಯೇ ಆಯಿತು. ಅದರಲ್ಲಿ ನನ್ನ ಜೊತೆ ಕಳೆಯುವುದು ಒಂದೋ ಎರಡೋ ಗಂಟೆ. ಮಗು ಕಲಿಯುವುದು ಉಳಿದ ಹೊತ್ತಿನಲ್ಲಿ, ಅಂದರೆ ಎತ್ತಿಕೊಳ್ಳುವಾಗ, ಉಣ್ಣಿಸುವಾಗ, ಬಟ್ಟೆ ಹಾಕುವಾಗ, ಸ್ನಾನ ಮಾಡಿಸುವಾಗ. ಅರ್ಲಿ ಇಂಟರ್ವೆನ್ಷನ್, ಅಂದರೆ ಎಳೆಯ ವಯಸ್ಸಿನಲ್ಲೇ ಶುರುಮಾಡುವ ನೆರವು, ಅಂದ ಕೂಡಲೇ ಮಗುವಿಗೆ ಥೆರಪಿ ಕೊಡುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದರ ಮುಕ್ಕಾಲು ಪಾಲು ಮನೆಯವರ ಕೈಗೆ ಧೈರ್ಯ ತುಂಬುವ ಕೆಲಸ.

ಹಾಗಾಗಿ ನಾನು ತಿರುಗಿ ಕೇಳುತ್ತೇನೆ: ‘ದಿನದಲ್ಲಿ ನಿಮಗೆ ಯಾವ ಹೊತ್ತು ತುಂಬಾ ಕಷ್ಟ?’

‘ಡೈಪರ್ ಬದಲಾಯಿಸೋದು’ ಅನ್ನುವ ಅಮ್ಮಂದಿರು ಬಹಳ. ಸ್ನಾಯು ಬಿಗಿಯಿರುವ ಮಗುವಿನ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಂದುಬಿಡುತ್ತವೆ. ಅಮ್ಮ ಪಾದ ಹಿಡಿದು ಅಗಲಿಸಲು ಹೋಗುತ್ತಾರೆ. ಎಳೆದಷ್ಟೂ ಕಾಲು ಇನ್ನೂ ಬಿಗಿಯಾಗುತ್ತದೆ, ಮಗು ಅಳುತ್ತದೆ, ಅಮ್ಮನ ಕಣ್ಣಲ್ಲೂ ನೀರು. ಇಲ್ಲಿ ತೋರಿಸಿಕೊಡಬೇಕಾದ್ದು ಚಿಕ್ಕದು. ತಲೆಯ ಕೆಳಗೆ ಒಂದು ಮೆತ್ತನೆಯ ದಿಂಬು ಇಡಿ. ಮೊದಲು ಮಂಡಿ ಮತ್ತು ಸೊಂಟ ಮಡಚಿಸಿ, ಕಾಲು ಹೊಟ್ಟೆಯ ಕಡೆಗೆ ಬರಲಿ. ಬಿಗಿ ಸಡಿಲವಾಗುವವರೆಗೆ ಸ್ವಲ್ಪ ಹೊತ್ತು ಹಾಗೇ ಹಿಡಿದಿರಿ. ಆಮೇಲೆ ಮಂಡಿಯ ಹತ್ತಿರ ಕೈಯಿಟ್ಟು ನಿಧಾನವಾಗಿ ಅಗಲಿಸಿ, ಪಾದ ಹಿಡಿದು ಎಳೆಯಬೇಡಿ. ದಿನಕ್ಕೆ ಐದಾರು ಸಲ ಹೇಗಿದ್ದರೂ ಮಾಡುವ ಕೆಲಸವೇ ಇದು. ವ್ಯಾಯಾಮಕ್ಕೆ ಅಂತ ಬೇರೆ ಹೊತ್ತು ಹುಡುಕಬೇಕಾಗಿಲ್ಲ.

ಊಟದ್ದೂ ಹೀಗೆಯೇ. ತಲೆ ನಿಲ್ಲದ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಬಾಯಿಗೆ ಹಾಕುವ ಅಭ್ಯಾಸ ಇರುತ್ತದೆ. ಕತ್ತು ಹಿಂದಕ್ಕೆ ವಾಲಿದರೆ ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯ ಜಾಸ್ತಿ. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ಪಾದಕ್ಕೂ ಆಸರೆ ಇರಲಿ, ಗದ್ದ ತುಸು ಕೆಳಗಿರಲಿ. ಚಮಚ ಮೇಲಿನಿಂದ ಬರದೆ ಎದುರಿನಿಂದ ಬರಲಿ. ಊಟದ ವೇಳೆ ಪದೇಪದೇ ಕೆಮ್ಮು ಬರುತ್ತಿದ್ದರೆ ಮನೆಯಲ್ಲೇ ಪ್ರಯೋಗ ಮಾಡದೆ ತಕ್ಷಣ ತೋರಿಸಿ.

ಇನ್ನು ಮಾತಿನ ವಿಷಯ. ಮಾತು ತಡವಾಗಿರುವ ಮಗುವಿಗೆ ನಾವು ಪ್ರೀತಿಯಿಂದಲೇ ಒಂದು ತೊಂದರೆ ಮಾಡುತ್ತೇವೆ. ಅದು ಕೇಳುವ ಮೊದಲೇ ಎಲ್ಲ ಕೊಟ್ಟುಬಿಡುತ್ತೇವೆ. ನೀರಿನ ಲೋಟ ಹಿಡಿದು ಮಗುವಿನ ಮುಖ ನೋಡುತ್ತಾ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆ ಮೌನ ನಮಗೆ ತುಂಬಾ ಉದ್ದ ಅನ್ನಿಸುತ್ತದೆ, ಮಗುವಿಗೆ ಅಷ್ಟು ಹೊತ್ತು ಬೇಕು. ಒಂದು ನೋಟ, ಚಾಚಿದ ಕೈ, ‘ಊಂ’ ಅನ್ನುವ ಸದ್ದು ಯಾವುದು ಬಂದರೂ ಅದು ಮಾತೇ. ಕೂಡಲೇ ‘ನೀರು ಬೇಕಾ? ತಗೋ ನೀರು’ ಅಂತ ಕೊಡಿ. ಏನೂ ಬರದಿದ್ದರೂ ಕೊಡಿ. ಹಟ ಹಿಡಿದು ಅಳಿಸಬೇಡಿ.

‘ಸುಮ್ನೆ ಕಾಯಿರಿ, ತಾನಾಗೇ ಸರಿಹೋಗುತ್ತೆ’ ಎಂಬ ಸಲಹೆ ಕೇಳಿದಾಗ ಮಾತ್ರ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಿವಿ ಕೇಳಿಸದ ಮಕ್ಕಳ ವಿಷಯದಲ್ಲಿ ತಜ್ಞರು ಒಪ್ಪಿರುವ ಗುರಿ ಸ್ಪಷ್ಟವಾಗಿದೆ: ಹುಟ್ಟಿದ 1 ತಿಂಗಳೊಳಗೆ ಕಿವಿಯ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ನೆರವು ಶುರು. ಸೆರೆಬ್ರಲ್ ಪಾಲ್ಸಿ ಇದೆಯೋ ಇಲ್ಲವೋ ಹೇಳಲು ಹಿಂದೆ ಒಂದೆರಡು ವರ್ಷ ಕಾಯುತ್ತಿದ್ದರು. ಈಗ ಎಷ್ಟೋ ಮಕ್ಕಳಲ್ಲಿ 6 ತಿಂಗಳೊಳಗೇ ಗುರುತಿಸಬಹುದು. ಒಂದು ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸುತ್ತಿದ್ದರೆ ಎಡಚನೋ ಬಲಚನೋ ಅಂತ ಸುಮ್ಮನಾಗಬೇಡಿ, ಇನ್ನೊಂದು ಕೈಯನ್ನು ವೈದ್ಯರಿಗೆ ತೋರಿಸಿ. ಕಲಿತದ್ದನ್ನು ಮರೆಯುತ್ತಿದ್ದರೆ ಯಾವ ವಯಸ್ಸಿನಲ್ಲಾದರೂ ಅವತ್ತೇ ಹೊರಡಿ. ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಮಾತ್ರ ಲೆಕ್ಕ ಬೇರೆ. ಎರಡು ತಿಂಗಳು ಮುಂಚೆ ಹುಟ್ಟಿದ್ದರೆ, 8 ತಿಂಗಳಲ್ಲಿ ಅದನ್ನು 6 ತಿಂಗಳ ಮಗುವಿನಂತೆ ನೋಡಬೇಕು. ಅಂದಹಾಗೆ, ಕಾಯಿಲೆಗೆ ಹೆಸರು ಸಿಗುವ ತನಕ ಕಾಯಬೇಕಿಲ್ಲ. ಮಗು ಕೂರುತ್ತಿಲ್ಲ ಅಂದರೆ ಕೂರಲು ಸಹಾಯ ಬೇಕು. ವರದಿ ಬರುವಾಗ ಬರಲಿ.

ಬೇಗ ಶುರುಮಾಡಿದರೆ ಎಲ್ಲ ವಾಸಿಯಾಗುತ್ತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕೆಲವು ಮಕ್ಕಳು ನಡೆಯುತ್ತಾರೆ, ಕೆಲವರಿಗೆ ಗಾಲಿಕುರ್ಚಿ ಬೇಕಾಗುತ್ತದೆ. ಆದರೆ ಮನೆಯ ಊಟ, ಆಟ, ಮಾತುಕತೆಯಲ್ಲಿ ಒಂದು ಜಾಗ ಇರುವುದು ನಡೆಯುವ ಮಗುವಿಗೂ ಗಾಲಿಕುರ್ಚಿಯ ಮಗುವಿಗೂ ಮುಖ್ಯ ಅಲ್ವಾ?

ನನ್ನ ವೃತ್ತಿಯವರಿಗೂ ಒಂದು ಮಾತು. ಪುಟಗಟ್ಟಲೆ ವ್ಯಾಯಾಮ ಬರೆದುಕೊಟ್ಟು ಕಳಿಸಬೇಡಿ. ಮಾಡಲಾಗದ ಅಮ್ಮ ತಪ್ಪಿತಸ್ಥಳಂತೆ ತಲೆತಗ್ಗಿಸಿ ಬರುತ್ತಾಳೆ, ಕೊನೆಗೆ ಬರುವುದನ್ನೇ ಬಿಡುತ್ತಾಳೆ. ಒಂದು ಸಲಕ್ಕೆ ಒಂದೋ ಎರಡೋ ಸಾಕು, ಅದೂ ಆಕೆಯ ಕೈಯಲ್ಲೇ ಮಾಡಿಸಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಬೆಳವಣಿಗೆ ನಿಧಾನವಾಗಿರುವ 2ರಿಂದ 9 ವರ್ಷದ ಮಕ್ಕಳ ಪೋಷಕರಿಗೆಂದು ರೂಪಿಸಿದ ತರಬೇತಿಯಲ್ಲಿ 9 ಗುಂಪು ತರಗತಿ, 3 ಮನೆಭೇಟಿ ಇವೆ. ಪೋಷಕರು ತಮ್ಮನ್ನು ತಾವು ನೋಡಿಕೊಳ್ಳುವುದು ಹೇಗೆ ಎಂಬುದೂ ಅದರಲ್ಲಿ ಪಾಠವೇ. ನಿದ್ದೆಗೆಟ್ಟ ಅಮ್ಮನಿಗೆ ಅವತ್ತು ಬೇಕಾದ್ದು ಹೊಸ ವ್ಯಾಯಾಮವಲ್ಲ, ರಾತ್ರಿ ಪಾಳಿ ಹಂಚಿಕೊಳ್ಳುವ ಇನ್ನೊಂದು ಜೀವ. ಅದನ್ನು ಅಪ್ಪನ ಎದುರಿಗೇ ಹೇಳುವುದೂ ನಮ್ಮ ಕೆಲಸ.

ಮುಂದಿನ ಸಲ ಥೆರಪಿಗೆ ಹೋಗುವಾಗ ಮನೆಯಲ್ಲಿ ಅತಿ ಕಷ್ಟದ ಹೊತ್ತಿನ ಎರಡು ನಿಮಿಷದ ವಿಡಿಯೋ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಮನೆ ಅಸ್ತವ್ಯಸ್ತವಾಗಿದೆ, ಮಗು ಅಳುತ್ತಿದೆ ಅಂತ ಸಂಕೋಚ ಬೇಡ. ಕುರ್ಚಿ ಎಷ್ಟು ಎತ್ತರ, ಮಗುವನ್ನು ಯಾವ ಕೈಯಲ್ಲಿ ಎತ್ತುತ್ತೀರಿ, ಟಿವಿ ಹಾಕಿದೆಯಾ, ಪಕ್ಕದಲ್ಲಿ ಯಾರಿದ್ದಾರೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಥೆರಪಿಸ್ಟ್ ಅಲ್ಲಿಂದಲೇ ಶುರುಮಾಡಬಹುದು.