ನಡುಗಿದ ಮೇಲೆ ನೆನಪಾಗುವ ಗ್ರಾನೈಟ್

2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಮಂದಿ ಮನೆಯೊಳಗೆ ಮಲಗಲು ಹೆದರಿದರು. ನೆಲದೊಳಗೆ ಗುಡುಗಿದಂಥ ಸದ್ದು, ಹಿಂದೆಯೇ ನಡುಕ. ಒಂದು ಕಂಪನದ ತೀವ್ರತೆ 4ರ ಆಸುಪಾಸು ಇತ್ತು. ಸುಣ್ಣಕಲ್ಲಿನ ಪೊಳ್ಳು ಕುಸಿಯುತ್ತಿದೆ ಎಂದರು ಕೆಲವರು, ಮಳೆನೀರು ಬಿರುಕಿಗೆ ಇಳಿದಿದೆ ಎಂದರು ಇನ್ನು ಕೆಲವರು. ಅಡಿಯಲ್ಲಿರುವ ಗ್ರಾನೈಟಿನ ಮಾತು ಬಂದದ್ದು ಕಡಿಮೆ.

ಈ ಭಾಗದ ತಳಪಾಯವೇ ಅದು. ವಯಸ್ಸು ಸುಮಾರು 250 ಕೋಟಿ ವರ್ಷ. ಯಾದಗಿರಿಯಲ್ಲಿ ಗುಡ್ಡವಾಗಿ ಕಣ್ಣಿಗೆ ಬೀಳುತ್ತದೆ. ಶಹಾಬಾದ್, ಸೇಡಂ ಕಡೆ ಸುಣ್ಣಕಲ್ಲಿನ ಕೆಳಗೆ, ಬೀದರಿನಲ್ಲಿ ಲಾವಾ ಶಿಲೆಯ ಕೆಳಗೆ ಅಡಗಿದೆ.

ಸ್ತರಭಂಗದ, ಅಂದರೆ ನೆಲದೊಳಗೆ ಕಲ್ಲು ಸೀಳಿ ಜರುಗಿದ ಜಾಗದ, ಬಳಿ ಈ ಕಲ್ಲು ಏನಾಗುತ್ತದೆ ಎಂಬ ಪ್ರಶ್ನೆ ಹಳೆಯದು. 1885ರಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಲ್ಯಾಪ್‌ವರ್ತ್ ಸ್ಕಾಟ್ಲೆಂಡಿನಲ್ಲಿ ನುಣುಪಾದ, ಪಟ್ಟೆಪಟ್ಟೆ ಶಿಲೆ ಕಂಡು ಮೈಲೊನೈಟ್ ಎಂದು ಹೆಸರಿಟ್ಟರು. ಅರೆದು ಪುಡಿಯಾದ ಕಲ್ಲು ಎಂಬುದು ಅವರ ತೀರ್ಮಾನ. ಅದು ಪುಡಿಯಾದದ್ದಲ್ಲ, ಘನವಾಗಿದ್ದುಕೊಂಡೇ ಹರಿದದ್ದು ಎಂದು ಸ್ಪಷ್ಟವಾಗಲು ಹೆಚ್ಚುಕಡಿಮೆ ಒಂದು ಶತಮಾನ ಹಿಡಿಯಿತು. ಕಟಿ ರೊಟ್ಟಿ ಮುರಿಯುತ್ತದೆ, ಹಂಚಿನಿಂದ ಆಗಷ್ಟೇ ತೆಗೆದದ್ದು ಮಡಚುತ್ತದೆ, ಗ್ರಾನೈಟೂ ಹಾಗೆಯೇ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರೊಳಗಿನ ಕ್ವಾರ್ಟ್ಜ್ ಎಂಬ ಖನಿಜ ಹರಿಯತೊಡಗುತ್ತದೆ. ಅದರ ಇನ್ನೊಂದು ಖನಿಜ ಫೆಲ್ಡ್‌ಸ್ಪಾರ್ ಮಣಿಯಲು 450ರಷ್ಟು ಬೇಕು. ಹಾಗಾಗಿ ಕೊಯ್ದ ಮೈಲೊನೈಟಿನಲ್ಲಿ ಫೆಲ್ಡ್‌ಸ್ಪಾರ್ ಹರಳುಗಳು ಕಣ್ಣಿನಾಕಾರದಲ್ಲಿ ಉಳಿದಿರುತ್ತವೆ, ಕ್ವಾರ್ಟ್ಜ್ ಅವುಗಳ ಸುತ್ತ ದಾರದಂತೆ ಎಳೆದುಕೊಂಡಿರುತ್ತದೆ. ಒಂದೇ ಸ್ತರಭಂಗ ಮೇಲೆ ಒಡೆಯುತ್ತದೆ, ಹತ್ತು-ಹದಿನೈದು ಕಿ.ಮೀ. ಕೆಳಗೆ ಹರಿಯುತ್ತದೆ ಎಂಬ ಚಿತ್ರವನ್ನು ಭೂವಿಜ್ಞಾನಿ ರಿಚರ್ಡ್ ಸಿಬ್ಸನ್ 1977ರಲ್ಲಿ ಕೊಟ್ಟರು. ನಮ್ಮದರಂಥ ತಣ್ಣಗಿನ ಹಳೆಯ ಭೂಭಾಗದಲ್ಲಿ ಒಡೆಯುವುದು ನಿಂತು ಹರಿಯುವುದು ಶುರುವಾಗುವ ಆ ಗಡಿ ಇನ್ನೂ ಆಳಕ್ಕಿರುತ್ತದೆ. ಅಂದರೆ ಒಡೆದು ನೆಲ ನಡುಗಿಸಬಲ್ಲ ಕಲ್ಲೂ ಅಷ್ಟು ದಪ್ಪ.

ಹಳೆಯ ಭೂಮಿ ಎಂದರೆ ಗಟ್ಟಿ ಭೂಮಿ, ಚಿಂತೆಯಿಲ್ಲ ಎಂಬ ನಂಬಿಕೆ ಮಾತ್ರ ಬಹುಕಾಲ ಉಳಿಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಊರು ಮಲಗಿದ್ದಾಗ, ಲಾತೂರ್ ಜಿಲ್ಲೆಯ ಕಿಲ್ಲಾರಿ 6.2ರ ತೀವ್ರತೆಯಲ್ಲಿ ನಡುಗಿತು. ಸತ್ತವರು ಹತ್ತು ಸಾವಿರದ ಹತ್ತಿರ. ಬೀದರ್, ಕಲಬುರಗಿಯಲ್ಲೂ ಜನ ಬೀದಿಗೆ ಓಡಿಬಂದರು. ದೇಶದ ಭೂಕಂಪ ಅಪಾಯದ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಸುರಕ್ಷಿತವೆನಿಸಿದ ಒಂದನೇ ವಲಯದಲ್ಲಿ! ಆಮೇಲೆ ಅಲ್ಲಿ 617 ಮೀಟರ್ ಕೊರೆದರು. ಸುಮಾರು 338 ಮೀಟರ್ ಲಾವಾ ಶಿಲೆ, ತೆಳುವಾದೊಂದು ಮೆಕ್ಕಲಿನ ಪದರ, ಅದರಡಿಯಲ್ಲಿ ಅದೇ ಹಳೆಯ ತಳಶಿಲೆ. ಹಳೆಯ ಸೀಳುಗಳನ್ನೆಲ್ಲ ಲಾವಾ ಹೊದ್ದು ಮುಚ್ಚಿತ್ತು. 2002ರಲ್ಲಿ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದರು.

ಶಹಾಪುರ ತಾಲೂಕಿನ ಗೋಗಿಯದು ಬೇರೆ ಕತೆ. ಅಲ್ಲಿನ ಸ್ತರಭಂಗದ ಉದ್ದಕ್ಕೂ ಯುರೇನಿಯಂ ಸಿಕ್ಕಿತು, ಕೊರೆತ ಜೋರಾಗಿ ನಡೆಯಿತು. ಹಾಗಾಗಿ ನುಚ್ಚಾದ ಸುಣ್ಣಕಲ್ಲೂ ಜಜ್ಜಿಹೋದ ಗ್ರಾನೈಟೂ ಕೈಗೆ ಬಂದವು. ಅದಿರು ಇದ್ದರೆ ಮೊದಲೇ ಕೊರೆಯುತ್ತಾರೆ, ಇಲ್ಲದಿದ್ದರೆ ಹೆಣ ಬಿದ್ದ ಮೇಲೆ. ಗಡಿಕೇಶ್ವಾರಕ್ಕೆ ಕಂಪನ ಅಳೆಯುವ ಯಂತ್ರ ಬಂದದ್ದೂ ನೆಲ ನಡುಗಿದ ಮೇಲೆಯೇ. ಈ ಸೀಮೆಯ ಹಳ್ಳಿಗಳಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆಗಳು ಈಗಲೂ ಇವೆ. ಕಿಲ್ಲಾರಿಯಲ್ಲಿ ಹೆಚ್ಚಿನವರು ಸತ್ತದ್ದು ಅಂಥ ಮನೆಗಳಡಿಯಲ್ಲೇ.