ಜಾಕ್ಸ್-ಡಬ್ಲ್ಯೂಎಸ್ ಲೈಬ್ರರಿ ಹಾಕುವುದು: ಕ್ಲೈಂಟಿಗೆ ಒಂದು ರೀತಿ, ಟಾಮ್‌ಕ್ಯಾಟಿಗೆ ಇನ್ನೊಂದು ರೀತಿ

ಮಂಡ್ಯದಲ್ಲಿ ನಾವು ಮೂವರು ಸಂಜೆ ಹೊತ್ತು ಸೇರಿ ಜಾವಾ ಕಲಿಯುತ್ತಿದ್ದೇವೆ. ಅಭ್ಯಾಸಕ್ಕೆ ಅಂತ ಹಾಲಿನ ಡೈರಿಯ ಲೆಕ್ಕ ತೆಗೆದುಕೊಂಡೆವು. ಊರಿನ ಡೈರಿಯ ಕಂಪ್ಯೂಟರು ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಮೂರನ್ನೂ ಕಳಿಸಬೇಕು. ಮಂಡ್ಯದ ಸರ್ವರು ರೇಟು ಹಾಕಿ, ದುಡ್ಡು ಎಷ್ಟು ಅಂತ ವಾಪಸ್ ಹೇಳಬೇಕು. ಕೋಡು ಎರಡು ಸಂಜೆಯಲ್ಲಿ ಮುಗಿಯಿತು. ಅದಕ್ಕೆ ಬೇಕಾದ ಜಾಕ್ಸ್-ಡಬ್ಲ್ಯೂಎಸ್, ಅಂದರೆ ಜಾವಾದಲ್ಲಿ ಸೋಪ್ ವೆಬ್‌ಸರ್ವಿಸ್ ಬರೆಯುವ ಲೈಬ್ರರಿಯನ್ನು ಸರಿಯಾಗಿ ಕೂರಿಸುವುದಕ್ಕೆ ಐದು ದಿನ ಹಿಡಿಯಿತು. ಆ ಐದು ದಿನದ ಪಾಠ ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಸೋಪ್ ಅಂದರೇನು, ಡಬ್ಲ್ಯೂಎಸ್‌ಡಿಎಲ್ ಅಂದರೇನು ಅನ್ನುವುದು ನಿಮಗೆ ಗೊತ್ತಿದೆ ಅಂದುಕೊಳ್ಳುತ್ತೇನೆ.

ಮೊದಲು ಜಾವಾ ಎಷ್ಟನೆಯದು ನೋಡಿ

ಜಾವಾ 6ರಿಂದ 8ರವರೆಗೆ ಜಾಕ್ಸ್-ಡಬ್ಲ್ಯೂಎಸ್ ಜೆಡಿಕೆ ಒಳಗೇ ಇತ್ತು. ಹಳೆಯ ಪಾಠಗಳಲ್ಲಿ "ಏನೂ ಹಾಕಬೇಕಾಗಿಲ್ಲ" ಅಂತ ಇರುವುದು ಅದಕ್ಕೇ. ಜಾವಾ 9ರಲ್ಲಿ ಇದನ್ನು ತೆಗೆಯುತ್ತೇವೆ ಅಂತ ಗುರುತು ಹಾಕಿದರು. 2018ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 11ರಲ್ಲಿ ತೆಗೆದೇಬಿಟ್ಟರು. ಅದರ ಜೊತೆ ಡಬ್ಲ್ಯೂಎಸ್‌ಡಿಎಲ್ ನೋಡಿ ಕ್ಲೈಂಟ್ ಕೋಡ್ ಹುಟ್ಟಿಸುವ ಡಬ್ಲ್ಯೂಎಸ್‌ಇಂಪೋರ್ಟ್ ಕಮಾಂಡೂ ಹೋಯಿತು. ಈಗ ಎಲ್ಲವನ್ನೂ ನಾವೇ ತಂದು ಹಾಕಬೇಕು.

ಹಳೆಯ ಸೂಚನೆಗಳಲ್ಲಿ "ಎಂಡಾರ್ಸ್ಡ್ ಫೋಲ್ಡರಿಗೆ ಜಾರ್ ಹಾಕಿ" (ಜಾರ್ ಅಂದರೆ ಜಾವಾ ಕ್ಲಾಸುಗಳ ಕಟ್ಟು) ಅಂತ ಇನ್ನೊಂದು ಮಾತು ಬರುತ್ತದೆ. ಅದನ್ನು ಬಿಟ್ಟುಬಿಡಿ. ಜಾವಾ 9ರಿಂದ ಆಚೆಗೆ ಆ ಫೋಲ್ಡರ್ ತೋರಿಸುವ ಆಪ್ಷನ್ ಕೊಟ್ಟರೆ ಜಾವಾ ಶುರುವೇ ಆಗುವುದಿಲ್ಲ.

ಒಂದು ವಿಷಯ ಮನಸ್ಸಿನಲ್ಲಿ ಇರಲಿ. ಲೈಬ್ರರಿ ಅಂದರೆ ಒಂದೇ ಜಾರ್ ಅಲ್ಲ, ಎರಡು ಭಾಗ. ಎಪಿಐ ಜಾರಿನಲ್ಲಿ ಇರುವುದು ಹೆಸರುಗಳು ಮತ್ತು ಒಪ್ಪಂದ ಮಾತ್ರ. ನಿಜವಾದ ಕೆಲಸ ಮಾಡುವುದು ರನ್‌ಟೈಮ್ ಜಾರ್, ಅಂದರೆ ಜಾಕ್ಸ್‌ಡಬ್ಲ್ಯೂಎಸ್-ಆರ್‌ಟಿ. ನನ್ನ ತಲೆನೋವೆಲ್ಲ ಶುರುವಾಗಿದ್ದು ಈ ಎರಡರ ನಡುವೆ.

ಕ್ಲೈಂಟ್

ಇಲ್ಲಿ ಸರಳ: ಬುತ್ತಿ ಕಟ್ಟಿಕೊಂಡು ಹೋದ ಹಾಗೆ, ಬೇಕಾದ್ದನ್ನೆಲ್ಲ ಜೊತೆಯಲ್ಲೇ ಕಳಿಸಬೇಕು. ಡೈರಿಯ ಕಂಪ್ಯೂಟರಿನಲ್ಲಿ ಜಾವಾ ಬಿಟ್ಟು ಬೇರೇನೂ ಇರುವುದಿಲ್ಲ. ರನ್‌ಟೈಮ್ ಜಾರ್ ಒಂದನ್ನೇ ಕಳಿಸಿದರೆ ಸಾಲದು, ಅದರ ಹಿಂದೆ ಜಾಕ್ಸ್‌ಬಿ, ಸಾಜ್, ಇನ್ನೂ ಹಲವು ಜಾರ್‌ಗಳು ಬರುತ್ತವೆ. ಕೈಯಲ್ಲಿ ಆರಿಸಲು ಹೋಗಬೇಡಿ. ಲೈಬ್ರರಿಗಳನ್ನು ತಂದುಕೊಡುವ ಮೇವನ್‌ಗೆ "ಕಾಪಿ-ಡಿಪೆಂಡೆನ್ಸೀಸ್" ಅಂತ ಹೇಳಿ, ಎಲ್ಲವನ್ನೂ ಒಂದು ಲಿಬ್ ಫೋಲ್ಡರಿಗೆ ಹಾಕಿಸಿಕೊಳ್ಳಿ.

ಓಡಿಸುವಾಗ ಒಂದು ಎಚ್ಚರ ಬೇಕು. ಕಮಾಂಡಿನಲ್ಲಿ ಮೈನಸ್-ಜಾರ್ ಕೊಟ್ಟರೆ, ಪಕ್ಕದಲ್ಲಿ ಕೊಟ್ಟ ಕ್ಲಾಸ್‌ಪಾತ್ ಅನ್ನು ಜಾವಾ ನೋಡುವುದೇ ಇಲ್ಲ. ಲಿಬ್ ಫೋಲ್ಡರಿನಲ್ಲಿ ಎಲ್ಲ ಇದ್ದರೂ "ಕ್ಲಾಸ್ ಸಿಗಲಿಲ್ಲ" ಅನ್ನುತ್ತದೆ. ಹಾಗಾಗಿ ಮೈನಸ್-ಸಿಪಿ ಕೊಟ್ಟು ಮೇನ್ ಕ್ಲಾಸಿನ ಹೆಸರು ಬರೆಯಿರಿ. ಲಿಬ್ ಅಂತ ಬರೆದ ಮೇಲೆ ಓರೆಗೆರೆ, ಆಮೇಲೆ ಬರೀ ನಕ್ಷತ್ರ. ನಕ್ಷತ್ರದ ನಂತರ ಡಾಟ್ ಜಾರ್ ಬೇಡ. ನಿಮ್ಮ ಜಾರ್ ಮತ್ತು ಲಿಬ್ ನಡುವೆ ವಿಂಡೋಸ್‌ನಲ್ಲಿ ಅರ್ಧವಿರಾಮ, ಲಿನಕ್ಸ್‌ನಲ್ಲಿ ಕೋಲನ್.

ಸರ್ವರ್: ನಾನು ಸಿಕ್ಕಿಹಾಕಿಕೊಂಡ ಜಾಗ

ನಾವು ಹಂಚಿಕೊಂಡಿರುವ ಸರ್ವರಿನಲ್ಲಿ ಟಾಮ್‌ಕ್ಯಾಟ್ 9 (ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸಾಫ್ಟ್‌ವೇರ್), ಜಾವಾ 11. ಅದರ ಸ್ವಂತ ಲಿಬ್ ಫೋಲ್ಡರಿನಲ್ಲಿ ಜಾಕ್ಸ್-ಡಬ್ಲ್ಯೂಎಸ್‌ನ ಎಲ್ಲ ಜಾರ್‌ಗಳೂ ಮೊದಲೇ ಇದ್ದವು. ಹಾಗಾಗಿ ಮೇವನ್‌ನಲ್ಲಿ ರನ್‌ಟೈಮಿಗೆ "ಪ್ರೊವೈಡೆಡ್" ಅಂತ ಬರೆದೆ. ಸರ್ವರಿನಲ್ಲಿ ಇದೆ, ವಾರ್ ಫೈಲಿಗೆ (ನಮ್ಮ ವೆಬ್ ಅಪ್ಲಿಕೇಶನ್ನಿನ ಕಟ್ಟು) ತುಂಬಬೇಡ ಅಂತ ಅರ್ಥ. ಎಪಿಐ ಸಾಲನ್ನು ಮಾತ್ರ ಹಾಗೇ ಬಿಟ್ಟೆ. ಚಿಕ್ಕ ಜಾರ್, ಇದ್ದರೆ ಇರಲಿ ಅಂದುಕೊಂಡೆ.

ವಾರ್ ಹಾಕಿ ಟಾಮ್‌ಕ್ಯಾಟ್ ಎಬ್ಬಿಸಿದೆ. ಲಾಗಿನಲ್ಲಿ ಬಂದ ದೂರು: ನನ್ನ ಹಾಲುರೇಟು ಕ್ಲಾಸಿನ ಮೇಲೆ ವೆಬ್‌ಸರ್ವಿಸ್ ಅನ್ನುವ ಅನೋಟೇಶನ್ನೇ (ಕ್ಲಾಸಿಗೆ ಅಂಟಿಸುವ ಗುರುತುಚೀಟಿ) ಇಲ್ಲವಂತೆ. ಫೈಲ್ ತೆಗೆದು ನೋಡಿದೆ. ಕ್ಲಾಸಿನ ನೆತ್ತಿಯ ಮೇಲೆ ಅಟ್ ಚಿಹ್ನೆ, ವೆಬ್‌ಸರ್ವಿಸ್, ಮೇಲೆ ಇಂಪೋರ್ಟ್ ಸಾಲು, ಎಲ್ಲ ಇದೆ. ಮತ್ತೆ ಕಂಪೈಲ್ ಮಾಡಿದೆ. ಬಿಚ್ಚಿಕೊಂಡಿದ್ದ ಫೋಲ್ಡರ್ ಅಳಿಸಿ ಮತ್ತೆ ಹಾಕಿದೆ. ಅದೇ ಮಾತು. ಇದೇ ವಾರ್ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಎರಡು ದಿನ ಇಲ್ಲೇ ಕಳೆದೆ.

ಕಾರಣ ಇದು. ಜಾವಾದಲ್ಲಿ ಒಂದು ಕ್ಲಾಸಿನ ಗುರುತು ಬರೀ ಹೆಸರಲ್ಲ. ಹೆಸರು ಮತ್ತು ಅದನ್ನು ಲೋಡ್ ಮಾಡಿದ ಕ್ಲಾಸ್‌ಲೋಡರ್, ಎರಡೂ ಸೇರಿ ಗುರುತು. ನಮ್ಮೂರ ಡೈರಿಯಲ್ಲಿ 42ನೇ ಸದಸ್ಯರು ಒಬ್ಬರು, ಪಕ್ಕದೂರ ಡೈರಿಯಲ್ಲೂ 42ನೇ ಸದಸ್ಯರು ಒಬ್ಬರು. ಪಾಸ್‌ಬುಕ್ಕಿನ ಮೇಲಿನ ನಂಬರ್ ಒಂದೇ. ಆದರೆ ಆ ಪಾಸ್‌ಬುಕ್ ಹಿಡಿದು ಈ ಡೈರಿಗೆ ಬಂದರೆ ದುಡ್ಡು ಸಿಗುತ್ತಾ? ಇಲ್ಲ ಅಲ್ವಾ. ನಂಬರಿನ ಜೊತೆ ಯಾವ ಡೈರಿ ಅನ್ನುವುದೂ ಬೇಕು. ಇಲ್ಲಿ ಕ್ಲಾಸಿನ ಹೆಸರು ಅಂದರೆ ಸದಸ್ಯರ ನಂಬರ್, ಕ್ಲಾಸ್‌ಲೋಡರ್ ಅಂದರೆ ಡೈರಿ.

ಈಗ ಟಾಮ್‌ಕ್ಯಾಟ್ ಒಂದು ಕ್ಲಾಸನ್ನು ಎಲ್ಲೆಲ್ಲಿ ಹುಡುಕುತ್ತದೆ ನೋಡಿ. ನಮ್ಮ ಅಪ್ಲಿಕೇಶನ್ ಕ್ಲಾಸ್ ಕೇಳಿದಾಗ ಮೊದಲು ಜಾವಾದ ಒಳಗೆ ನೋಡುತ್ತದೆ. ಅಲ್ಲಿ ಇಲ್ಲದಿದ್ದರೆ ವಾರ್ ಒಳಗಿನ ವೆಬ್-ಇನ್ಫ್ ಕ್ಲಾಸಸ್, ಆಮೇಲೆ ವೆಬ್-ಇನ್ಫ್ ಲಿಬ್. ಅಲ್ಲೂ ಸಿಗದಿದ್ದರೆ ಮಾತ್ರ ಟಾಮ್‌ಕ್ಯಾಟಿನ ಸ್ವಂತ ಲಿಬ್. ಆದರೆ ಟಾಮ್‌ಕ್ಯಾಟಿನ ಲಿಬ್‌ನಲ್ಲಿರುವ ಜಾರ್ ಒಂದು ಕ್ಲಾಸ್ ಕೇಳಿದರೆ, ಅದು ಕೆಳಗಿಳಿದು ನಮ್ಮ ವಾರ್ ಒಳಗೆ ಬಂದು ನೋಡುವುದಿಲ್ಲ. ಅದಕ್ಕೆ ಕಾಣುವುದು ತನ್ನ ಕಪಾಟು (ಅಂದರೆ ಆ ಲಿಬ್ ಫೋಲ್ಡರ್) ಮತ್ತು ಜಾವಾ, ಎರಡೇ.

ಹಾಗಾದರೆ ಆಗಿದ್ದೇನು? ನನ್ನ ಹಾಲುರೇಟು ಕ್ಲಾಸ್ ವೆಬ್‌ಸರ್ವಿಸ್ ಅನೋಟೇಶನ್ ಕೇಳಿತು. ವೆಬ್-ಇನ್ಫ್ ಲಿಬ್‌ನಲ್ಲಿ ಎಪಿಐ ಜೊತೆ ಬಂದಿದ್ದ ಪ್ರತಿ ಸಿಕ್ಕಿತು. ರನ್‌ಟೈಮ್ ಇದ್ದದ್ದು ಟಾಮ್‌ಕ್ಯಾಟ್ ಲಿಬ್‌ನಲ್ಲಿ. ಅದು ತನ್ನ ಕಪಾಟಿನ ವೆಬ್‌ಸರ್ವಿಸ್ ಹಿಡಿದುಕೊಂಡು ಬಂದು, "ಈ ಕ್ಲಾಸಿನ ಮೇಲೆ ಇದು ಇದೆಯಾ?" ಅಂತ ನೋಡಿತು. ಹೆಸರು ಒಂದೇ, ಡೈರಿ ಬೇರೆ. ಇಲ್ಲ ಅಂತ ಬರೆಯಿತು. ಅದು ಹೇಳಿದ್ದು ಸುಳ್ಳಲ್ಲ.

ಗೆಳತಿಯ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಯಾಕೆ ಅನ್ನುವುದೂ ಆಗಲೇ ಹೊಳೆಯಿತು. ಅವಳ ಹತ್ತಿರ ಇದ್ದದ್ದು ಜಾವಾ 8. ಆ ಜಾವಾದ ಒಳಗೇ ಈ ಕ್ಲಾಸುಗಳು ಇದ್ದವು. ಎಲ್ಲರೂ ಮೊದಲು ಅಲ್ಲೇ ಕೇಳುವುದರಿಂದ ನನ್ನ ವಾರ್‌ಗೂ ರನ್‌ಟೈಮಿಗೂ ಒಂದೇ ಪ್ರತಿ ಸಿಗುತ್ತಿತ್ತು. ವಾರ್ ಒಳಗಿನ ಪ್ರತಿಯನ್ನು ಯಾರೂ ಮುಟ್ಟುತ್ತಲೇ ಇರಲಿಲ್ಲ.

ಸರಿ ಮಾಡಿದ್ದು ಒಂದೇ ಸಾಲಿನಲ್ಲಿ. ಎಪಿಐಗೂ "ಪ್ರೊವೈಡೆಡ್" ಅಂತ ಬರೆದೆ. ಎರಡೂ ಟಾಮ್‌ಕ್ಯಾಟ್ ಕಪಾಟಿನಲ್ಲಿ ಉಳಿದವು. ಇನ್ನೊಂದು ದಾರಿಯೂ ಇದೆ: ಟಾಮ್‌ಕ್ಯಾಟ್ ಲಿಬ್‌ನಿಂದ ಎಲ್ಲ ತೆಗೆದು, ಎರಡನ್ನೂ ವಾರ್ ಒಳಗೆ ಹಾಕುವುದು. ಸರ್ವರ್ ನಮ್ಮ ಕೈಯಲ್ಲೇ ಇದ್ದರೆ ನನಗೆ ಇದೇ ಜಾಸ್ತಿ ಇಷ್ಟ. ಬೇರೆ ಅಪ್ಲಿಕೇಶನ್ನಿಗೆ ಬೇರೆ ವರ್ಷನ್ ಬೇಕಾದರೂ ಜಗಳವಿಲ್ಲ. ಎಪಿಐ ಮತ್ತು ರನ್‌ಟೈಮ್ ಒಂದೇ ಕಪಾಟಿನಲ್ಲಿ ಇರಬೇಕು, ಅಷ್ಟೇ. ಟಾಮ್‌ಕ್ಯಾಟ್ ಲಿಬ್ ಮುಟ್ಟಿದ ಮೇಲೆ ರೀಸ್ಟಾರ್ಟ್ ಮಾಡಲೇಬೇಕು, ಸುಮ್ನೆ ವಾರ್ ಬದಲಿಸಿದರೆ ಸಾಲದು.

ಇದೇ ಕಾಯಿಲೆ ಇನ್ನೊಂದು ರೂಪದಲ್ಲೂ ಬರುತ್ತದೆ. ಸರ್ವರಿನ ಒಳಗಿಂದ ನಾವು ಮತ್ತೊಂದು ಸರ್ವಿಸ್ ಕರೆದಾಗ, "ಪ್ರೊವೈಡರ್ ನಾಟ್ ಎ ಸಬ್‌ಟೈಪ್" ಅನ್ನುತ್ತದೆ. ಎಪಿಐ ತನ್ನ ರನ್‌ಟೈಮನ್ನು ಹುಡುಕುವುದು ಮೆಟಾ-ಇನ್ಫ್ ಸರ್ವಿಸಸ್ ಫೋಲ್ಡರಿನ ಒಂದು ಚಿಕ್ಕ ಫೈಲ್ ನೋಡಿ. ಹುಡುಕಿದ್ದು ಸಿಗುತ್ತದೆ. ಆದರೆ ಸಿಕ್ಕ ಕ್ಲಾಸ್ ಬೇರೆ ಡೈರಿಯ ಪ್ರೊವೈಡರ್‌ನ ಮಗ. ಔಷಧ ಅದೇ.

ನನ್ನ ಮೆಚ್ಚಿನ ಅಡ್ಡದಾರಿ

ಊಹೆ ಮಾಡುತ್ತಾ ಕೂರಬೇಡಿ, ಕ್ಲಾಸನ್ನೇ ಕೇಳಿ. ಒಂದು ಪುಟ್ಟ ಜೆಎಸ್‌ಪಿ ಪುಟ ಬರೆಯಿರಿ. ಅದರಲ್ಲಿ ವೆಬ್‌ಸರ್ವಿಸ್ ಕ್ಲಾಸಿನ ಪ್ರೊಟೆಕ್ಷನ್ ಡೊಮೇನ್ ತೆಗೆದು, ಅದರ ಕೋಡ್ ಸೋರ್ಸ್ ತೆಗೆದು, ಅದರ ಲೊಕೇಶನ್ ಪ್ರಿಂಟ್ ಮಾಡಿ. ಯಾವ ಜಾರಿನಿಂದ ಬಂತು ಅಂತ ಪೂರ್ತಿ ದಾರಿ ಹೇಳುತ್ತದೆ. ಅದೇ ಪುಟದಲ್ಲಿ ರನ್‌ಟೈಮಿನ ಡಬ್ಲ್ಯೂಎಸ್‌ಸರ್ವ್ಲೆಟ್ ಕ್ಲಾಸಿಗೂ ಹಾಗೇ ಮಾಡಿ. ನನಗೆ ಮೊದಲ ಸಾಲಿನಲ್ಲಿ ವೆಬ್-ಇನ್ಫ್ ಲಿಬ್ ಅಂತ ಬಂತು, ಎರಡನೆಯದರಲ್ಲಿ ಟಾಮ್‌ಕ್ಯಾಟಿನ ಲಿಬ್ ಅಂತ ಬಂತು. ಎರಡು ದಿನದ ಒಗಟು ಎರಡು ಸಾಲಿನಲ್ಲಿ ಬಿಡಿಸಿತು. ಕ್ಲಾಸ್ ಜಾವಾ 8ರ ಒಳಗಿಂದ ಬಂದಿದ್ದರೆ ಕೋಡ್ ಸೋರ್ಸ್ ನಲ್ ಆಗಿರುತ್ತದೆ. ನಲ್ ಇದೆಯಾ ಅಂತ ನೋಡಿಕೊಂಡು ಲೊಕೇಶನ್ ಕೇಳಿ, ಇಲ್ಲದಿದ್ದರೆ ಪುಟವೇ ಒಡೆಯುತ್ತದೆ.

ಉಳಿದದ್ದು

ಟಾಮ್‌ಕ್ಯಾಟ್ 10ಕ್ಕೆ ಹೋಗುವವರು ಗಮನಿಸಿ. ಅಲ್ಲಿಂದ ಪ್ಯಾಕೇಜುಗಳ ಹೆಸರು ಜಾವಾಎಕ್ಸ್ ಬದಲು ಜಕಾರ್ತಾ. ಟಾಮ್‌ಕ್ಯಾಟ್ 9ಕ್ಕೆ ಲೈಬ್ರರಿಯ 2.3 ಸರಣಿ, 10ಕ್ಕೆ 3.0 ಅಥವಾ ಅದಕ್ಕಿಂತ ಹೊಸದು. ವೈಲ್ಡ್‌ಫ್ಲೈ, ಗ್ಲಾಸ್‌ಫಿಶ್ ತರಹದ ದೊಡ್ಡ ಸರ್ವರುಗಳಲ್ಲಿ ವೆಬ್‌ಸರ್ವಿಸ್ ಲೈಬ್ರರಿ ಮೊದಲೇ ಇರುತ್ತದೆ, ವಾರ್ ಒಳಗೆ ಇನ್ನೊಂದು ಪ್ರತಿ ತುರುಕಬೇಡಿ.

ಕೊನೆಗೆ ಕ್ಲೈಂಟಿನದೇ ಒಂದು ಮಾತು. ಡಬ್ಲ್ಯೂಎಸ್‌ಇಂಪೋರ್ಟ್‌ಗೆ ನಿಮ್ಮ ಲ್ಯಾಪ್‌ಟಾಪಿನ ಫೈಲ್ ಕೊಟ್ಟು ಕೋಡ್ ಹುಟ್ಟಿಸಿದರೆ, ಆ ಫೈಲಿನ ದಾರಿ ಕೋಡಿನ ಒಳಗೇ ಬರೆದುಕೊಳ್ಳುತ್ತದೆ. ಡೈರಿಯ ಕಂಪ್ಯೂಟರಿನಲ್ಲಿ ಆ ಫೋಲ್ಡರ್ ಎಲ್ಲಿರುತ್ತದೆ? ಹುಟ್ಟಿಸುವಾಗಲೇ ಡಬ್ಲ್ಯೂಎಸ್‌ಡಿಎಲ್‌ಲೊಕೇಶನ್ ಆಪ್ಷನ್‌ನಲ್ಲಿ ಸರ್ವರಿನ ವಿಳಾಸ ಕೊಡಿ. ನಾನು ಹಾಗೆ ಮತ್ತೆ ಹುಟ್ಟಿಸಿ, ಲಿಬ್ ಫೋಲ್ಡರ್ ಸಮೇತ ಪೆನ್‌ಡ್ರೈವಿಗೆ ಹಾಕಿಕೊಂಡು, ಗೆಳತಿಯ ಊರಿಗೆ ಬಸ್ಸು ಹತ್ತಿದೆ. ಅವಳ ಮನೆಯ ಹಳೆ ಕಂಪ್ಯೂಟರಿನಲ್ಲಿ 6.5 ಲೀಟರು, 4.1 ಫ್ಯಾಟು, 8.5 ಎಸ್‌ಎನ್‌ಎಫ್ ಅಂತ ಹೊಡೆದೆವು. ಒಂದು ಕ್ಷಣ ತಡೆದು, ಕಪ್ಪು ಪರದೆಯ ಮೇಲೆ ರೂಪಾಯಿ, ಪೈಸೆ ಸಮೇತ ಮೊತ್ತ ಬಂತು.