ಕ್ಯಾಪ್ಟನ್ ಕ್ಯಾಂಗರೂ ಯುದ್ಧಕ್ಕೆ ಹೋಗಿದ್ದರೇ?

ಪ್ರಶ್ನೆ: ಅಮೆರಿಕದ ಮಕ್ಕಳ ಟಿವಿಯಲ್ಲಿ ‘ಕ್ಯಾಪ್ಟನ್ ಕ್ಯಾಂಗರೂ’ ಆಗಿದ್ದ ಬಾಬ್ ಕೀಶನ್, ಎರಡನೇ ಮಹಾಯುದ್ಧದಲ್ಲಿ ಜಪಾನಿನ ಇವೊ ಜಿಮಾ ದ್ವೀಪದಲ್ಲಿ ಹೋರಾಡಿ ಪದಕ ಪಡೆದವರು ಎಂಬ ಮೆಸೇಜ್ ಬಂದಿದೆ. ನಿಜವೇ?

ಉತ್ತರ: ಇಲ್ಲ. ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಈ ಸಲ ತಾರೀಕು ಸಮೇತ ಬರೆಯುತ್ತೇನೆ. ಮತ್ತೆ ಯಾರಾದರೂ ಆ ಮೆಸೇಜ್ ಕಳಿಸಿದರೆ ದಯವಿಟ್ಟು ಇದನ್ನೇ ತೋರಿಸಿ.

ಮೆಸೇಜಿನ ಪ್ರಕಾರ, ನಟ ಲೀ ಮಾರ್ವಿನ್ ಅವರು ಜಾನಿ ಕಾರ್ಸನ್ ಅವರ ಟಿವಿ ಮಾತುಕತೆ ಶೋನಲ್ಲಿ ಕೂತು, ಇವೊ ಜಿಮಾದಲ್ಲಿ ತಾನು ಕಂಡ ಮಹಾ ಧೈರ್ಯಶಾಲಿ ಎಂದರೆ ಸಾರ್ಜೆಂಟ್ ಕೀಶನ್, ಇಬ್ಬರಿಗೂ ಶೌರ್ಯಕ್ಕೆ ಕೊಡುವ ನೇವಿ ಕ್ರಾಸ್ ಪದಕ ಬಂತು ಎಂದರಂತೆ.

ಕೀಶನ್ ಹುಟ್ಟಿದ್ದು 1927ರ ಜೂನ್ 27ರಂದು. ಇವೊ ಜಿಮಾ ಕದನ ಶುರುವಾದದ್ದು 1945ರ ಫೆಬ್ರವರಿ 19ಕ್ಕೆ, ಮುಗಿದದ್ದು ಮಾರ್ಚ್ 26ಕ್ಕೆ. ಕಳೆದು ನೋಡಿ: ಹುಡುಗನಿಗೆ ಇನ್ನೂ 17. ಅವರು ಅಮೆರಿಕದ ನೌಕಾ ಸೈನಿಕರ ಪಡೆಯಾದ ಮರೀನ್ ದಳ ಸೇರಿದ್ದು 18 ತುಂಬುವ ಹೊತ್ತಿಗೆ. ಅಷ್ಟರಲ್ಲಿ ಆ ದ್ವೀಪದ ಕದನ ಮುಗಿದು ತಿಂಗಳುಗಳೇ ಆಗಿದ್ದವು. ಆಗಸ್ಟಿನಲ್ಲಿ ಜಪಾನ್ ಶರಣಾಯಿತು. ತಾನು ರಣರಂಗ ಕಂಡಿಲ್ಲವೆಂದು ಕೀಶನ್ ಅವರೇ ಹೇಳಿದ್ದಾರೆ.

ಇನ್ನು ಮಾರ್ವಿನ್. ಅವರು ಮರೀನ್ ಆಗಿದ್ದದ್ದು ನಿಜ, ಗಾಯಗೊಂಡದ್ದೂ ನಿಜ. ಆದರೆ ಅದು 1944ರ ಜೂನಿನಲ್ಲಿ, ಸೈಪಾನ್ ದ್ವೀಪದಲ್ಲಿ. ಬಂದ ಪದಕ ಪರ್ಪಲ್ ಹಾರ್ಟ್, ಅಂದರೆ ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವಂಥದ್ದು. ಕಥೆಯ ಇಬ್ಬರು ವೀರರಲ್ಲಿ ಒಬ್ಬರೂ ಇವೊ ಜಿಮಾದಲ್ಲಿ ಹೋರಾಡಿರಲಿಲ್ಲ!

ಇದೇ ಮೆಸೇಜಿಗೆ ಬಾಲವೂ ಇದೆ. ಮಕ್ಕಳ ಕಾರ್ಯಕ್ರಮದ ಫ್ರೆಡ್ ರೋಜರ್ಸ್ ಗುರಿಕಾರ ಸೈನಿಕರಾಗಿದ್ದರಂತೆ, ತೋಳಿನ ಹಚ್ಚೆ ಮುಚ್ಚಲು ಸ್ವೆಟರ್ ಹಾಕುತ್ತಿದ್ದರಂತೆ. ಅವರು ಸೈನ್ಯಕ್ಕೆ ಸೇರಿದವರೇ ಅಲ್ಲ. ಆ ಸ್ವೆಟರುಗಳನ್ನು ಹೆಣೆದುಕೊಟ್ಟವರು ಅವರ ತಾಯಿ. ಮಕ್ಕಳ ಜೊತೆ ಮೆತ್ತಗೆ ಮಾತಾಡುವ ಗಂಡಸನ್ನು ಗೌರವಿಸಬೇಕಾದರೆ ಅವನ ಕೈಗೊಂದು ಬಂದೂಕು ಕೊಡಲೇಬೇಕೇ? ನನಗೆ ಬೇಸರವಾಗುವುದು ಇದಕ್ಕೇ.

ಕೀಶನ್ ಮಾಡಿದ್ದಾದರೂ ಎಂಥ ಕೆಲಸ! ಎನ್‌ಬಿಸಿ ಎಂಬ ಟಿವಿ ಸಂಸ್ಥೆಯ ಕಚೇರಿಯಲ್ಲಿ ಓಡಾಟದ ಹುಡುಗನಾಗಿದ್ದವರು, 1948ರಲ್ಲಿ ‘ಹೌಡಿ ಡೂಡಿ’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಕ್ಲಾರಾಬೆಲ್ ಎಂಬ ವಿದೂಷಕರಾದರು. ಕ್ಲಾರಾಬೆಲ್ ಮಾತಾಡುವುದಿಲ್ಲ. ಹೌದು, ಅಲ್ಲ ಎನ್ನಲು ಹಾರ್ನ್ ಒತ್ತುತ್ತಾನೆ, ಸಿಟ್ಟು ಬಂದರೆ ಸೋಡಾ ನೀರು ಚಿಮ್ಮಿಸುತ್ತಾನೆ. ಸಂಬಳದ ತಕರಾರಿನಿಂದ 1952ರಲ್ಲಿ ಕೀಶನ್ ಅಲ್ಲಿಂದ ಹೊರಬಿದ್ದರು.

1955ರ ಅಕ್ಟೋಬರ್ 3ರಂದು ಸಿಬಿಎಸ್ ಎಂಬ ಇನ್ನೊಂದು ಟಿವಿ ಸಂಸ್ಥೆಯಲ್ಲಿ ಕ್ಯಾಪ್ಟನ್ ಕ್ಯಾಂಗರೂ ಶುರುವಾಯಿತು. ಕೋಟಿಗೆ ದೊಡ್ಡ ದೊಡ್ಡ ಜೇಬು, ಅದಕ್ಕೇ ಆ ಹೆಸರು. ವಯಸ್ಸು 28, ಪಾತ್ರ ಅಜ್ಜನಂಥದ್ದು. ಹಾಗಾಗಿ ನರೆತ ಕೂದಲಿನ ಟೋಪನ್ ಇಟ್ಟು ಮುದುಕನ ಮೇಕಪ್ ಹಚ್ಚಿಕೊಳ್ಳಬೇಕಿತ್ತು. 1984ರವರೆಗೂ ನಡೆಸಿದರು, ಆ ಹೊತ್ತಿಗೆ ಪಾತ್ರದ ವಯಸ್ಸು ಅವರಿಗೇ ಬಂದಿತ್ತು. ಮಿಸ್ಟರ್ ಮೂಸ್ ಎಂಬ ಗೊಂಬೆ ಏನೋ ಒಗಟು ಕೇಳುತ್ತದೆ, ಕ್ಯಾಪ್ಟನ್ ಬಾಯಲ್ಲಿ ‘ಪಿಂಗ್‌ಪಾಂಗ್ ಬಾಲ್’ ಎಂಬ ಮಾತು ಬಂದದ್ದೇ ತಡ, ಮೇಲಿಂದ ಚೆಂಡುಗಳ ಮಳೆ. ಪ್ರತಿ ಸಲವೂ ಅವರು ಮೋಸಹೋಗುತ್ತಿದ್ದರು, ಪ್ರತಿ ಸಲವೂ ಮಕ್ಕಳಿಗೆ ಅದು ಮೊದಲೇ ಗೊತ್ತಿರುತ್ತಿತ್ತು. ಕೀಶನ್ 2004ರಲ್ಲಿ, ತಮ್ಮ 76ನೇ ವಯಸ್ಸಿನಲ್ಲಿ ತೀರಿಕೊಂಡರು.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ‘ಹೌಡಿ ಡೂಡಿ’ಯ ಕೊನೆಯ ಕಂತು ಪ್ರಸಾರವಾದದ್ದು 1960ರ ಸೆಪ್ಟೆಂಬರ್ 24ರಂದು. ಅಷ್ಟು ವರ್ಷ ಮೂಕನಾಗಿದ್ದ ಕ್ಲಾರಾಬೆಲ್ ಅಂದು ಬಾಯಿಬಿಟ್ಟ. ಕ್ಯಾಮೆರಾ ಮುಖದ ಹತ್ತಿರಕ್ಕೆ ಬಂತು, ತುಟಿ ನಡುಗಿತು, ‘ಹೋಗಿಬರ್ತೀನಿ ಮಕ್ಕಳೇ’ ಎಂದು ಮೆಲ್ಲಗೆ ಹೇಳಿದ. ಆ ದನಿಯನ್ನೂ ಕೀಶನ್ ಅವರದೆಂದು ಹಲವರು ನಂಬಿದ್ದಾರೆ. ಅಂದು ಆ ಬಿಳಿ ಬಣ್ಣದ ಹಿಂದೆ ಇದ್ದವರು ಲೂ ಆಂಡರ್ಸನ್. ಕೀಶನ್ ಆ ವೇಷ ಕಳಚಿ ಆಗಲೇ ಎಂಟು ವರ್ಷವಾಗಿತ್ತು.